ಮೊದಲ ಬೆಟ್ಟಕ್ಕೆ ತಯಾರಿ: ಹತ್ತುವುದಕ್ಕಲ್ಲ, ಇಳಿಯುವುದಕ್ಕೆ

ಮಳೆಗಾಲ ಮುಗಿಯುತ್ತಾ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಫ್ರೆಂಡ್ಸ್ ಎಲ್ಲಾ ಕುಮಾರಪರ್ವತಕ್ಕೆ ಹೊರಟಿದ್ದಾರೆ. ನಾನು ಇದುವರೆಗೆ ಒಂದೂ ಬೆಟ್ಟ ಹತ್ತಿಲ್ಲ. ಹೋಗಬಹುದಾ?" ಹೋಗಬಹುದು. ಆದರೆ ಮುಂದಿನ ವಾರ ಬೇಡ. ಎರಡು ತಿಂಗಳು ಬಿಟ್ಟು ಹೋಗಿ.

ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ. ಹತ್ತುವಾಗ ಆಗುವುದು ಏದುಸಿರು, ಬೆವರು, ಅಷ್ಟೇ. ಐದು ನಿಮಿಷ ಕೂತರೆ ಸರಿಹೋಗುತ್ತದೆ. ಮಂಡಿ ಹಿಡಿದುಕೊಳ್ಳುವುದು, ಕಾಲು ಉಳುಕುವುದು, ಕತ್ತಲಾಗುವುದು, ನೀರು ಖಾಲಿಯಾಗುವುದು ಎಲ್ಲಾ ಇಳಿಯುವಾಗಲೇ. ಹಾಗಾಗಿ ಈ ಲೇಖನದ ತಯಾರಿ ಮುಖ್ಯವಾಗಿ ಇಳಿಯುವುದಕ್ಕೆ. ಉದಾಹರಣೆಗೆ ಕುಮಾರಪರ್ವತವನ್ನೇ ಇಟ್ಟುಕೊಂಡಿದ್ದೇನೆ. ಬೇರೆ ಬೆಟ್ಟಕ್ಕೂ ಲೆಕ್ಕ ಇದೇ.

1. ಮೊದಲು ಲೆಕ್ಕ ಹಾಕಿ

ಬೆಟ್ಟ ಎಷ್ಟು ಎತ್ತರ ಎಂದು ಕೇಳುವುದಕ್ಕಿಂತ, ನಾನು ಎಷ್ಟು ಎತ್ತರ ಹತ್ತಬೇಕು ಎಂದು ಕೇಳಿ. ಇದಕ್ಕೆ ಚಾರಣದವರು 'ಎಲಿವೇಶನ್ ಗೇನ್' ಎನ್ನುತ್ತಾರೆ. ಅಂದರೆ ನಡಿಗೆ ಶುರುವಾಗುವ ಜಾಗದಿಂದ ತುದಿಯವರೆಗಿನ ಏರಿಕೆ. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1930 ಮೀಟರ್. ಆದರೆ ತುದಿಯ ಹತ್ತಿರದವರೆಗೂ ರಸ್ತೆ ಇದೆ, ಉಳಿದಿರುವುದು ಮೆಟ್ಟಿಲು ಮಾತ್ರ. ಕುಮಾರಪರ್ವತ 1712 ಮೀಟರ್, ಅದಕ್ಕಿಂತ ಗಿಡ್ಡ. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ, ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟರೆ ಹತ್ತಿರ ಹತ್ತಿರ 1600 ಮೀಟರ್ ನಿಮ್ಮ ಕಾಲೇ ಹತ್ತಬೇಕು. ಒಂದು ಮಹಡಿಗೆ ಮೂರು ಮೀಟರ್ ಎಂದುಕೊಂಡರೆ ಐನೂರಕ್ಕೂ ಹೆಚ್ಚು ಮಹಡಿ!

ಸಮಯ ಎಷ್ಟು ಬೇಕು? 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸರಳ ಲೆಕ್ಕ ಕೊಟ್ಟರು. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ತುದಿಗೆ ಸುಮಾರು 13 ಕಿಲೋಮೀಟರ್. ನಡಿಗೆಗೆ ಎರಡೂವರೆ ಗಂಟೆ, ಏರಿಕೆಗೆ ಎರಡೂಮುಕ್ಕಾಲು, ಒಟ್ಟು ಐದೂಕಾಲು. ಇದು ಪಳಗಿದವರ ಲೆಕ್ಕ, ಅದೂ ಎಲ್ಲೂ ಕೂರದೆ. ಹೊಸಬರು ಇದರ ಒಂದೂವರೆ ಪಟ್ಟು ಇಟ್ಟುಕೊಳ್ಳಬೇಕು, ಅಂದರೆ ಎಂಟು ಗಂಟೆ. ಇಳಿಯಲು ಇನ್ನೂ ಐದಾರು ಗಂಟೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಹಗಲು ಇರುವುದೇ ಹನ್ನೊಂದೂವರೆ ಗಂಟೆ.

ಲೆಕ್ಕ ಕೂಡುವುದಿಲ್ಲ ಅಲ್ವಾ? ಅದಕ್ಕೇ ನನ್ನ ಸಲಹೆ: ಮೊದಲ ಸಲ ಹೋಗುವವರು ಕುಕ್ಕೆ ಕಡೆಯಿಂದ ಒಂದೇ ದಿನದಲ್ಲಿ ಹೋಗಿಬರುವ ಯೋಚನೆ ಬಿಡಿ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹೊರಟರೆ ತುದಿಗೆ ಸುಮಾರು ಏಳು ಕಿಲೋಮೀಟರ್. ಹೊರಡುವ ಜಾಗವೇ ಎತ್ತರದಲ್ಲಿದೆ, ದಾರಿಯ ಬಹುಪಾಲು ಕಾಡಿನ ನೆರಳು. ಆದರೆ ತುದಿಯ ಹತ್ತಿರ ಇಳಿಜಾರು ಬಂಡೆಗಳಿವೆ. ಒದ್ದೆಯಾಗಿದ್ದರೆ ಅವು ಪಾಚಿ ಹಿಡಿದ ಬಚ್ಚಲು ಕಲ್ಲಿದ್ದ ಹಾಗೆ. ಮಳೆ ಬಿದ್ದ ಮರುದಿನ ಆ ಕಡೆ ಬೇಡ.

2. ಅನುಮತಿ

ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದೊಳಗೆ. ಸುಮ್ನೆ ಹೋಗಿ ಹತ್ತುವ ಹಾಗಿಲ್ಲ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಇಲ್ಲಿ ಜಾತ್ರೆಯಷ್ಟು ಜನ ಸೇರಿದ್ದರು. ಆ ದೃಶ್ಯ ಎಲ್ಲರ ಫೋನಿನಲ್ಲೂ ಓಡಾಡಿದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಹೆಸರು, ಗುರುತಿನ ಚೀಟಿ ಕೊಟ್ಟು ಮೊದಲೇ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಬುಕ್ ಮಾಡಿದ ಗುರುತಿನ ಚೀಟಿಯನ್ನೇ ಜೊತೆಗೆ ಒಯ್ಯಿರಿ.

ಮಳೆ ಜೋರಾಗಿದ್ದಾಗ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ ಇದ್ದಾಗ ದಾರಿ ಮುಚ್ಚುತ್ತಾರೆ. ಮಳೆ ನಿಂತ ಅಕ್ಟೋಬರ್‌ನಿಂದ ಜನವರಿವರೆಗೆ ಒಳ್ಳೆಯ ಕಾಲ. ಮೊದಲೆಲ್ಲಾ ಕುಕ್ಕೆ ಕಡೆಯ ದಾರಿಯ ನಡುವೆ ಸಿಗುವ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಉಂಡು, ಮಲಗಿ, ಎರಡು ದಿನದಲ್ಲಿ ಮುಗಿಸುತ್ತಿದ್ದರು. ಐದು ವರ್ಷದ ಹಿಂದಿನ ವಿಡಿಯೋ ನೋಡಿ ಅದೇ ಪ್ಲಾನ್ ಹಾಕಬೇಡಿ. ರಾತ್ರಿ ತಂಗಬಹುದೇ, ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯಬಹುದೇ ಎನ್ನುವುದನ್ನು ಈ ಸಲದ ನಿಯಮ ಓದಿಯೇ ತೀರ್ಮಾನಿಸಿ.

3. ಎಂಟು ವಾರದ ಕಾಲಿನ ತಯಾರಿ

ಇದೊಂದನ್ನು ಸರಿಯಾಗಿ ಮಾಡಿದರೆ ಉಳಿದದ್ದರಲ್ಲಿ ಅರ್ಧ ತಪ್ಪಿದರೂ ನಡೆಯುತ್ತದೆ.

ಹತ್ತುವಾಗ ತೊಡೆಯ ಸ್ನಾಯು ಕುಗ್ಗಿ ಮೈಯನ್ನು ಮೇಲಕ್ಕೆ ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಭಾರ ತಡೆದುಕೊಳ್ಳಬೇಕು. ಗಾಡಿಗೆ ಬ್ರೇಕ್ ಹಾಕಿದ ಹಾಗೆ. ಉಸಿರು ಏರುವುದಿಲ್ಲ, ಹಾಗಾಗಿ ಸುಲಭ ಅನಿಸುತ್ತದೆ, ಆದರೆ ಸ್ನಾಯುವಿನ ಎಳೆಗಳಿಗೆ ಪೆಟ್ಟು ಬೀಳುವುದು ಈ ಕೆಲಸದಲ್ಲೇ ಜಾಸ್ತಿ. ನೋವು ಅವತ್ತೇ ಗೊತ್ತಾಗುವುದಿಲ್ಲ, ಮರುದಿನ, ಅದರ ಮರುದಿನ ಬರುತ್ತದೆ. ಸಮಾಧಾನದ ವಿಷಯವೆಂದರೆ, ಈ ಪೆಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಮೊದಲೇ ತಿಂದ ಸ್ನಾಯು ಮುಂದಿನ ಸಲಕ್ಕೆ ಗಟ್ಟಿಯಾಗಿರುತ್ತದೆ. ಇಳಿಯುವುದನ್ನು ಅಭ್ಯಾಸ ಮಾಡಬಹುದು ಎಂಬ ಮಾತೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಮೊದಲ ಎರಡು ವಾರ: ವಾರಕ್ಕೆ ನಾಲ್ಕು ದಿನ, ನಲವತ್ತು ನಿಮಿಷ ಬಿರುಸಾದ ನಡಿಗೆ. ಮಾತಾಡಬಹುದು, ಹಾಡಲು ಆಗುವುದಿಲ್ಲ ಎನ್ನುವಷ್ಟು ವೇಗ. ಕೂತು ಕೆಲಸ ಮಾಡುವವರಿಗೆ ಇದೇ ಸಾಕು. ಮೊದಲ ದಿನವೇ ಓಡಲು ಹೋಗಿ ಮೀನಖಂಡ ಹಿಡಿಸಿಕೊಳ್ಳಬೇಡಿ.

ಮೂರು, ನಾಲ್ಕನೇ ವಾರ: ನಡಿಗೆ ಎರಡು ದಿನಕ್ಕೆ ಇಳಿಸಿ, ಎರಡು ದಿನ ಮೆಟ್ಟಿಲು. ಆಫೀಸಿನದ್ದೋ ಅಪಾರ್ಟ್‌ಮೆಂಟಿನದ್ದೋ ಯಾವುದಾದರೂ ಆಗುತ್ತದೆ. ಇಪ್ಪತ್ತು ಮಹಡಿಯಿಂದ ಶುರುಮಾಡಿ, ಐದೈದು ಏರಿಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: ಮೆಟ್ಟಿಲು ಹತ್ತಿ, ಲಿಫ್ಟಿನಲ್ಲಿ ಇಳಿಯುವುದು. ಬೆಟ್ಟದ ಮೇಲೆ ಲಿಫ್ಟ್ ಇಲ್ಲ. ನಡೆದೇ ಇಳಿಯಿರಿ, ಹತ್ತಿದ್ದಕ್ಕಿಂತ ನಿಧಾನವಾಗಿ. ಪ್ರತಿ ಮೆಟ್ಟಿಲಿಗೂ ಧೊಪ್ಪೆಂದು ಬೀಳದೆ, ಸದ್ದಾಗದಂತೆ ಪಾದ ಇಡಿ. ಸದ್ದು ಬರಲಿಲ್ಲ ಎಂದರೆ ತೊಡೆ ಕೆಲಸ ಮಾಡುತ್ತಿದೆ ಎಂದರ್ಥ.

ಐದು, ಆರನೇ ವಾರ: ಭಾರ ಸೇರಿಸಿ. ಬೆನ್ನಿಗೆ ಚೀಲ, ಅದರಲ್ಲಿ ಎರಡು ಲೀಟರಿನ ಎರಡು ನೀರಿನ ಬಾಟಲಿ. ನಾಲ್ಕು ಕಿಲೋ ಆಯಿತು. ಅದರೊಂದಿಗೆ ದಿನಕ್ಕೆ ಹತ್ತತ್ತರಂತೆ ಮೂರು ಸಲ ಒಂದು ಕಾಲಿನ ಅಭ್ಯಾಸ: ಕೊನೆಯ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ನೆಲ ಮುಟ್ಟುವವರೆಗೆ ಮೂರು ಎಣಿಸುತ್ತಾ ಮೈ ಇಳಿಸಿ, ಮತ್ತೆ ಮೇಲೆ ಬನ್ನಿ. ಮಂಡಿ ಒಳಕ್ಕೆ ವಾಲಬಾರದು. ಗೋಡೆ ಹಿಡಿದುಕೊಂಡರೆ ತಪ್ಪಿಲ್ಲ.

ಏಳನೇ ವಾರ: ನಿಜವಾದ ಬೆಟ್ಟದಲ್ಲಿ ಪರೀಕ್ಷೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ. ಚೀಲ ಹೊತ್ತು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ, ಎರಡೂ ಸಲ ನಡೆದೇ ಇಳಿಯಿರಿ. ಬೆಂಗಳೂರಿನವರಿಗೆ ನಂದಿ ಬೆಟ್ಟದ ಮೆಟ್ಟಿಲು ದಾರಿ, ಶಿವಗಂಗೆ ಇವೆ. ಎರಡನೇ ಸಲ ಇಳಿಯುವಾಗ ತೊಡೆ ನಡುಗಿದರೆ ಪರವಾಗಿಲ್ಲ. ಮಂಡಿಯ ಕೀಲಿನಲ್ಲಿ ಚುಚ್ಚಿದ ಹಾಗೆ ನೋವು ಬಂದರೆ ಮಾತ್ರ ದೊಡ್ಡ ಬೆಟ್ಟ ಮುಂದಕ್ಕೆ ಹಾಕಿ, ವೈದ್ಯರಿಗೆ ತೋರಿಸಿ.

ಎಂಟನೇ ವಾರ: ಏನೂ ಮಾಡಬೇಡಿ. ಸಣ್ಣ ನಡಿಗೆ, ಚೆನ್ನಾಗಿ ನಿದ್ದೆ. ಹೊರಡುವ ಮೂರು ದಿನ ಮೊದಲು "ಕೊನೆಯದಾಗಿ ಒಂದು ಸಲ" ಎಂದು ಮೆಟ್ಟಿಲು ಹತ್ತಿದವರು ನೋಯುವ ಕಾಲಲ್ಲೇ ಬೆಟ್ಟಕ್ಕೆ ಬರುತ್ತಾರೆ.

ಬಿಪಿ, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇದ್ದವರು ಮೊದಲ ವಾರಕ್ಕೂ ಮುಂಚೆ ವೈದ್ಯರನ್ನು ಕೇಳಿ. ಏಳನೇ ವಾರದಲ್ಲಲ್ಲ.

4. ಶೂ

ದುಬಾರಿಯದ್ದೇ ಬೇಕೆಂದಿಲ್ಲ. ಮೂರು ವಿಷಯ ನೋಡಿ. ಅಡಿಭಾಗದಲ್ಲಿ ಆಳವಾದ ಗೀರುಗಳಿರಬೇಕು. ಜಾಗಿಂಗ್ ಶೂವಿನ ನುಣ್ಣನೆಯ ಅಡಿ ಒಣ ಎಲೆಯ ಮೇಲೂ ಜಾರುತ್ತದೆ. ಹಿಮ್ಮಡಿ ಅಲುಗಬಾರದು. ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಶೂವಿಗೆ ಗುದ್ದುತ್ತಲೇ ಇರುತ್ತದೆ. ಉಗುರು ಕಪ್ಪಾಗಿ ಉದುರುವುದು ಇದರಿಂದಲೇ. ಹೊರಡುವ ಎರಡು ದಿನ ಮೊದಲು ಕಾಲುಗುರು ಕತ್ತರಿಸಿ, ಇಳಿಯುವ ಮುಂಚೆ ಲೇಸ್ ಬಿಚ್ಚಿ ಬಿಗಿಯಾಗಿ ಕಟ್ಟಿ. ಅಂಗಡಿಗೆ ಸಂಜೆ ಹೋಗಿ. ದಿನವೆಲ್ಲಾ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೇ ಊದುತ್ತದೆ.

ಹೊಸ ಶೂವನ್ನು ಬೆಟ್ಟದ ದಿನ ಮೊದಲ ಬಾರಿ ಹಾಕಬೇಡಿ. ಮೂರನೇ ವಾರದಿಂದಲೇ ಮೆಟ್ಟಿಲಿಗೆ ಹಾಕಿಕೊಳ್ಳಿ. ತೀರಾ ಹಳೆಯದೂ ಮೋಸ ಮಾಡುತ್ತದೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಶೂವಿನ ಅಂಟು, ಫೋಮ್ ಎರಡೂ ಸತ್ತಿರುತ್ತವೆ. ನನ್ನ ಒಂದು ಜೊತೆ ಹೀಗೇ ಅರ್ಧ ದಾರಿಯಲ್ಲಿ ಅಡಿ ಬಿಟ್ಟುಕೊಂಡು, ಬಾಳೆಲೆ ಕಟ್ಟಿದ ಹಾಗೆ ಹಗ್ಗ ಸುತ್ತಿಕೊಂಡು ಇಳಿದಿದ್ದೆ. ಚೀಲದಲ್ಲಿ ಎರಡು ಮೀಟರ್ ಹಗ್ಗ ಅವತ್ತಿನಿಂದ ಖಾಯಂ.

ಕಾಲುಚೀಲ ದಪ್ಪ ಹತ್ತಿಯದ್ದು ಬೇಡ. ಒದ್ದೆಯಾದ ಹತ್ತಿ ಚರ್ಮಕ್ಕೆ ಉಜ್ಜಿ ಬೊಬ್ಬೆ ಬರಿಸುತ್ತದೆ. ಉಣ್ಣೆಯ ಅಥವಾ ನೈಲಾನ್ ಮಿಶ್ರಣದ ಎರಡು ಜೊತೆ ಇರಲಿ. ಪಾದದಲ್ಲಿ ಎಲ್ಲಾದರೂ ಬಿಸಿ ಅನಿಸಿದರೆ ಅದೇ ಬೊಬ್ಬೆಯ ಮುನ್ಸೂಚನೆ. ಅಲ್ಲೇ ಕೂತು ಮೆಡಿಕಲ್ ಟೇಪ್ ಅಂಟಿಸಿ. ಗುಂಪು ಮುಂದೆ ಹೋಗುತ್ತದೆಂದು ಸಂಕೋಚ ಬೇಡ.

5. ಚೀಲ

ಒಂದು ದಿನದ ಬೆಟ್ಟಕ್ಕೆ ನೀರೂ ಸೇರಿ ಆರು ಕಿಲೋ ದಾಟಬಾರದು. ಇವಿಷ್ಟು ಸಾಕು:

- ನೀರು ಮೂರು ಲೀಟರ್. ದಾರಿಯಲ್ಲಿ ತೊರೆ ಸಿಗುತ್ತದೆ ಎಂಬ ನಂಬಿಕೆ ಜನವರಿ ಹೊತ್ತಿಗೆ ಬತ್ತಿರುತ್ತದೆ.
- ಓಆರ್‌ಎಸ್ ಎರಡು ಪೊಟ್ಟಣ. ಬೆವರಿನಲ್ಲಿ ಹೋಗಿದ್ದು ನೀರು ಮಾತ್ರವಲ್ಲ, ಉಪ್ಪು ಕೂಡ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎರಡೂ ಟೀ ಚಮಚ, ತಲೆ ಸವರಿ ಹಾಕಿದ್ದು.
- ತಲೆಗೆ ಕಟ್ಟುವ ಟಾರ್ಚ್. ಹಗಲಲ್ಲೇ ವಾಪಸ್ ಬರುತ್ತೇವೆ ಎನ್ನುವವರಿಗೂ. ಫೋನ್ ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು.
- ಮಳೆಗೂ ಗಾಳಿಗೂ ಆಗುವ ತೆಳು ಜಾಕೆಟ್. ಪ್ರತಿ ಸಾವಿರ ಮೀಟರಿಗೆ ಆರೇಳು ಡಿಗ್ರಿ ತಂಪಾಗುತ್ತದೆ. ಬೆವೆತ ಮೈಗೆ ತುದಿಯ ಗಾಳಿ ತಾಗಿದರೆ ಹಲ್ಲು ಕಟಕಟ.
- ಟೋಪಿ, ಟೇಪ್, ಬ್ಯಾಂಡೇಜ್, ನಿಮ್ಮ ಮಾಮೂಲಿ ಮಾತ್ರೆಗಳು, ಸೀಟಿ, ಕಸಕ್ಕೆ ಒಂದು ಬಟ್ಟೆ ಚೀಲ.

ಜೀನ್ಸ್ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಮಂಡಿ ಮಡಚಲು ಬಿಡುವುದಿಲ್ಲ. ಊಟಕ್ಕೆ ಪುಳಿಯೋಗರೆ, ಚಪಾತಿ–ಚಟ್ನಿಪುಡಿ ಕೆಡುವುದಿಲ್ಲ. ಜೇಬಿನಲ್ಲಿ ಕಡಲೆ ಮಿಠಾಯಿ, ಹುರಿಗಡಲೆ, ಖರ್ಜೂರ ಇರಲಿ. ಹಸಿವಾಗುವ ತನಕ ಕಾಯದೆ ಗಂಟೆಗೊಮ್ಮೆ ಒಂದು ಹಿಡಿ ತಿನ್ನಿ. ಬಿಸ್ಕತ್ತು, ಚಿಪ್ಸ್ ಪ್ಯಾಕೆಟ್ಟುಗಳನ್ನು ಮನೆಯಲ್ಲೇ ಡಬ್ಬಿಗೆ ಸುರಿದುಕೊಳ್ಳಿ. ಪ್ಲಾಸ್ಟಿಕ್, ಮದ್ಯ ಇದೆಯೇ ಎಂದು ಚೆಕ್‌ಪೋಸ್ಟಿನಲ್ಲಿ ಚೀಲ ನೋಡುತ್ತಾರೆ.

6. ಹಿಂದಿನ ರಾತ್ರಿ

ಶುಕ್ರವಾರ ಸಂಜೆ ಆಫೀಸ್ ಮುಗಿಸಿ, ರಾತ್ರಿ ಬಸ್ಸು ಹಿಡಿದು, ಘಾಟಿಯ ತಿರುವುಗಳಲ್ಲಿ ತೂಕಡಿಸಿ, ಬೆಳಿಗ್ಗೆ ಆರಕ್ಕೆ ಹತ್ತಲು ಶುರು. ಬೆಂಗಳೂರಿನವರ ಮಾಮೂಲಿ ಪ್ಲಾನ್ ಇದು. ಹೊಸಬರಿಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ನಿದ್ದೆಗೆಟ್ಟ ಕಾಲು ಮಧ್ಯಾಹ್ನದ ಹೊತ್ತಿಗೆ ಎಡವತೊಡಗುತ್ತದೆ. ಒಂದು ದಿನ ಹೆಚ್ಚಿಗೆ ರಜೆ ಹಾಕಿ, ಹಿಂದಿನ ದಿನವೇ ತಲುಪಿ ಮಲಗಿ. ಕುಕ್ಕೆಗೆ ರೈಲಿನಲ್ಲಿ ಬರುವವರು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ದೇವಸ್ಥಾನ ಹತ್ತು–ಹನ್ನೆರಡು ಕಿಲೋಮೀಟರ್.

ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯವರಿಗೆ ಬರೆದು ಕಳಿಸಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಕಾಡಿನಲ್ಲಿ ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಮುಗಿಯುತ್ತದೆ, ಏರೋಪ್ಲೇನ್ ಮೋಡ್‌ನಲ್ಲಿಡಿ. ತುರ್ತಿಗೆ 112.

7. ಹತ್ತುವಾಗ

ಮೊದಲ ಅರ್ಧ ಗಂಟೆ ನಾಚಿಕೆಯಾಗುವಷ್ಟು ನಿಧಾನ ನಡೆಯಿರಿ. ಪಕ್ಕದವರ ಜೊತೆ ಒಂದು ವಾಕ್ಯ ತಡೆಯಿಲ್ಲದೆ ಮಾತಾಡಲು ಆಗದಿದ್ದರೆ ವೇಗ ಜಾಸ್ತಿಯಾಗಿದೆ. ಕಡಿದಾದ ಕಡೆ 'ರೆಸ್ಟ್ ಸ್ಟೆಪ್' ಉಪಯೋಗಿಸಿ. ಹೆಸರು ದೊಡ್ಡದು, ಕೆಲಸ ಸಣ್ಣದು: ಪ್ರತಿ ಹೆಜ್ಜೆಗೂ ಹಿಂದಿನ ಕಾಲನ್ನು ನೇರ ಮಾಡಿ, ಭಾರವೆಲ್ಲಾ ಅದರ ಮೂಳೆಯ ಮೇಲೆ ಬಿಟ್ಟು ಒಂದು ಕ್ಷಣ ನಿಲ್ಲುವುದು. ಮುಂದಿನ ತೊಡೆಗೆ ಅಷ್ಟು ಹೊತ್ತು ವಿರಾಮ.

ಕುಕ್ಕೆ ಕಡೆ ಗಿರಿಗದ್ದೆವರೆಗೆ ಕಾಡು, ಆಮೇಲೆ ಬೋಳು ಹುಲ್ಲುಗಾವಲು. ನೆರಳಿಲ್ಲ. ಕಲ್ಲುಮಂಟಪ, ಶೇಷಪರ್ವತ ದಾಟಿದ ಮೇಲೆ ಕುಮಾರಪರ್ವತ. ಶೇಷಪರ್ವತವನ್ನೇ ತುದಿ ಅಂದುಕೊಂಡು ಮುಂದೆ ಇನ್ನೊಂದು ಬೆಟ್ಟ ಕಂಡಾಗ ಕೂತುಬಿಡುವವರು ತುಂಬಾ ಜನ. ಮೊದಲೇ ಗೊತ್ತಿದ್ದರೆ ಅಷ್ಟು ನೋವಾಗುವುದಿಲ್ಲ.

ಮಳೆಯ ತೇವ ಇರುವವರೆಗೆ ಇಂಬಳದ (ಜಿಗಣೆ) ಕಾಟ ಇದ್ದೇ ಇರುತ್ತದೆ. ಶೂ, ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಅಥವಾ ಉಪ್ಪು ಸವರುವುದು ಮಲೆನಾಡಿನವರ ರೂಢಿ. ಹತ್ತಿದ್ದನ್ನು ಕಿತ್ತೆಳೆಯದೆ ಉಗುರಿನಿಂದ ಪಕ್ಕಕ್ಕೆ ಕೆರೆದು ತೆಗೆಯಿರಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಎಂಜಲಿನಲ್ಲಿದೆ, ಹಾಗಾಗಿ ಗಾಯ ಸ್ವಲ್ಪ ಹೊತ್ತು ಸುರಿಯುತ್ತದೆ. ಗಾಬರಿ ಬೇಡ.

ಇನ್ನು ಎಲ್ಲಕ್ಕಿಂತ ಕಷ್ಟದ್ದು, ತಿರುಗುವ ಗಂಟೆ. ಹೊರಡುವ ಮುಂಚೆಯೇ ಗುಂಪಿನ ಎಲ್ಲರೂ ಒಪ್ಪಿ ಒಂದು ಹೊತ್ತು ಗೊತ್ತುಮಾಡಿ, ಉದಾಹರಣೆಗೆ ಮಧ್ಯಾಹ್ನ ಹನ್ನೆರಡೂವರೆ. ಅಷ್ಟೊತ್ತಿಗೆ ತುದಿ ಎದುರಿಗೇ ಕಾಣುತ್ತಿದ್ದರೂ ವಾಪಸ್. ಡಿಸೆಂಬರ್‌ನಲ್ಲಿ ಸೂರ್ಯ ಆರು ಗಂಟೆಗೆ ಮುಳುಗಿದರೂ ಕಾಡಿನೊಳಗೆ ಐದೂವರೆಗೇ ಕಲ್ಲು–ಬೇರು ಬೇರೆ ಬೇರೆ ಕಾಣುವುದಿಲ್ಲ. ಯಾರಿಗಾದರೂ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಮಾತು ತಡವರಿಸಿದರೆ ಗಂಟೆ ನೋಡಬೇಡಿ. ಅಲ್ಲೇ ನೆರಳಲ್ಲಿ ಕೂರಿಸಿ, ಸಹಾಯಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಇಬ್ಬರು ಕೆಳಗೆ ಹೋಗಿ ಚೆಕ್‌ಪೋಸ್ಟಿಗೆ ತಿಳಿಸಲಿ, ಇನ್ನೊಬ್ಬರು ಅವರ ಜೊತೆ ಇರಲಿ.

8. ಇಳಿಯುವಾಗ

ತುದಿಯಲ್ಲಿ ಅರ್ಧ ಗಂಟೆ ಕೂತು, ತಿಂದು, ಲೇಸ್ ಬಿಗಿ ಮಾಡಿ ಹೊರಡಿ. ಅರ್ಧ ಕೆಲಸ ಈಗ ಶುರು.

ಹೆಜ್ಜೆ ಚಿಕ್ಕದಿರಲಿ. ಮಂಡಿ ಸ್ವಲ್ಪ ಬಾಗಿರಲಿ, ಸೆಟೆದ ಕಾಲನ್ನು ನೆಲಕ್ಕೆ ಕುಟ್ಟಬೇಡಿ. ಜಾರುತ್ತದೆಂಬ ಭಯಕ್ಕೆ ಎಲ್ಲರೂ ಹಿಂದಕ್ಕೆ ವಾಲುತ್ತಾರೆ, ಅದರಿಂದಲೇ ಕಾಲು ಮುಂದಕ್ಕೆ ಜಾರಿ ಕುಂಡೆ ನೆಲಕ್ಕೆ ಬೀಳುತ್ತದೆ. ಮೈಯ ಭಾರ ಪಾದದ ನೇರ ಮೇಲೆ ಇರಬೇಕು. ತೀರಾ ಕಡಿದಾದ ಕಡೆ ಅಡ್ಡ ತಿರುಗಿ ಇಳಿಯಿರಿ. ಬಂಡೆಯ ಮೇಲೆ ಕೂತು ಜಾರುವುದರಲ್ಲಿ ಅವಮಾನ ಏನಿಲ್ಲ, ಪ್ಯಾಂಟ್ ಹರಿದರೆ ಹೊಲಿಸಬಹುದು. ಚಾರಣದ ಕೋಲು ಇದ್ದರೆ ಹತ್ತುವಾಗ ಇದ್ದದ್ದಕ್ಕಿಂತ ಸ್ವಲ್ಪ ಉದ್ದ ಮಾಡಿಕೊಳ್ಳಿ. ಮಂಡಿಯ ಭಾರವನ್ನು ಅದು ಕೈಗೆ ಹಂಚುತ್ತದೆ. ಇಲ್ಲದಿದ್ದರೆ ಊರಿಂದಲೇ ಒಂದು ಬಿದಿರು ಕೋಲು ತನ್ನಿ, ಕಾಡಿನಲ್ಲಿ ಕಡಿಯಬೇಡಿ.

ಓಡಬೇಡಿ. ಪಕ್ಕದಲ್ಲಿ ಯಾರೋ ಹುಡುಗರು ಜಿಂಕೆಯ ಹಾಗೆ ನೆಗೆದು ಹೋಗುತ್ತಾರೆ. ಹೋಗಲಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಿ, ಗಟ್ಟಿಗರು ಕೊನೆಯಲ್ಲಿರಲಿ. ದಾರಿ ತಪ್ಪುವುದು ಸಾಮಾನ್ಯವಾಗಿ ಕೊನೆಯಲ್ಲಿ ಒಬ್ಬರೇ ಉಳಿದವರು. ತಪ್ಪಿದೆ ಅನಿಸಿದರೆ ಮುಂದೆ ನುಗ್ಗದೆ, ಗುರುತು ಸಿಗುವ ಕಡೆಯ ಜಾಗಕ್ಕೆ ವಾಪಸ್ ಹತ್ತಿ, ನಿಂತು ಸೀಟಿ ಊದಿ.

9. ಮನೆಗೆ ಬಂದ ಮೇಲೆ

ಬಿಸಿನೀರು ಸ್ನಾನಕ್ಕೆ ಮುಂಚೆ ಮೈಯೆಲ್ಲಾ ನೋಡಿಕೊಳ್ಳಿ, ಮುಖ್ಯವಾಗಿ ಮಂಡಿ ಹಿಂದೆ, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ. ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೆಂಕಿ ತಾಗಿಸುವುದು, ಸೀಮೆಎಣ್ಣೆ ಹಾಕುವುದು ಬೇಡ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ. ಮಲೆನಾಡಿನ ಯಾವುದೇ ಕಾಡಿಗೆ ಹೋಗಿಬಂದ ಎರಡು ವಾರದೊಳಗೆ ಜ್ವರ, ಜೋರು ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ "ಕಾಡಿಗೆ ಹೋಗಿದ್ದೆ" ಎಂದು ಮೊದಲೇ ಹೇಳಿ.

ಎರಡನೇ ದಿನ ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂತವರಿಗೆ ಏಳುವುದು ಕಷ್ಟವಾದೀತು. ಅದು ತೊಡೆಯ ನೋವು, ನಾಲ್ಕೈದು ದಿನದಲ್ಲಿ ಹೋಗುತ್ತದೆ. ಮಲಗಿಯೇ ಇರದೆ ಸ್ವಲ್ಪ ಓಡಾಡಿ. ಆದರೆ ಮಂಡಿ ಊದಿಕೊಂಡಿದ್ದರೆ, ಅಥವಾ ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಅದು ಬೇರೆ ವಿಷಯ, ಅವತ್ತೇ ಆಸ್ಪತ್ರೆಗೆ ಹೋಗಿ.

ಶೂವಿನ ಕೆಸರು ಒಣಗುವ ಮುಂಚೆ ತೊಳೆಯಿರಿ. ಒಳಗಿನ ಅಟ್ಟೆ ತೆಗೆದು, ಹಳೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ.